ಐದಕ್ಕೆ ಜಾಗ

ಗುರುವಾರ ಗುರುವಾರ ಗ್ರೀಸಿನ ಡಬ್ಬ ಹಿಡಿದು
ಸೇತುವೆಗೆ ಹೋಗುತ್ತೇನೆ.
ಹಲ್ಲುಚಕ್ರಕ್ಕೆ ಮೆತ್ತುವುದು ಅರ್ಧ ಗಂಟೆಯ ಕೆಲಸ;
ಉಳಿದ ಹೊತ್ತೆಲ್ಲ ವೀತ್ಸ್ಕೆಯ ಮೇಜಿನದು.

ಫ್ರೀಸ್‌ಲ್ಯಾಂಡಿನ ಈ ಕಾಲುವೆಗೆ ನವೆಂಬರಿನಲ್ಲಿ ದೋಣಿ ಅಪರೂಪ.
ಬೇಸಿಗೆಯಲ್ಲಿ ಗಾಳದ ಕೋಲಿನ ತುದಿಗೆ ಮರದ ಕೆರ ಕಟ್ಟಿ
ಹಾದುಹೋಗುವವರಿಂದ ಸುಂಕ ಎತ್ತುವವಳು
ಚಳಿಗಾಲದಲ್ಲಿ ಪಾಳಿಪಟ್ಟಿಯ ಬೆನ್ನ ಮೇಲೆ
ಒಂಬತ್ತಕ್ಕೊಂಬತ್ತು ಮನೆ ಗೀಚುತ್ತಾಳೆ.

ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ಚೌಕಕ್ಕೊಮ್ಮೆ—
ಅದು ಬಿಡಿ, ಹಲ್ಲುಜ್ಜಿದ ಹಾಗೆ, ಎಲ್ಲರೂ ಮಾಡುವುದು.
ಅವಳ ಕಟ್ಟಳೆಗಳು ಬೇರೆ.
ಒಮ್ಮೆ ಕೂತ ಅಂಕಿ ಕುದುರೆ ನೆಗೆತದ ದೂರದಲ್ಲಿ
ಮತ್ತೆ ಕೂರಕೂಡದು.
ಅಂಚಿನಲ್ಲಿ ಮೂರು ಅಂತ ಬರೆದಿದ್ದರೆ
ಆ ದಡದಲ್ಲಿ ನಿಂತವನಿಗೆ ಮೂರೇ ಕೂವೆಮರ ಕಾಣಬೇಕು,
ಉದ್ದದ್ದರ ಬೆನ್ನಿಗೆ ಗಿಡ್ಡವೆಲ್ಲ ಮರೆ.
ಆಮೇಲೆ ಹಸಿರು ಪೆನ್ಸಿಲಿನದೊಂದು ಗೆರೆ,
ಕಾಲುವೆಯ ಹಾಗೇ ಹೊರಳಿ ಹೊರಳಿ:
ಅದರ ಮೇಲೆ ಒತ್ತಿ ನಿಂತವರ ನಡುವೆ
ಕಡಿಮೆಯೆಂದರೂ ಐದರ ಅಂತರ.

ಒಂದಕ್ಕೆ ಆರು, ಏಳು, ಎಂಟು, ಒಂಬತ್ತು, ಯಾರಾದರೂ ಸೈ.
ನಾಲ್ಕಕ್ಕೆ ಒಂಬತ್ತೊಂದೇ ಗತಿ.
ಐದಕ್ಕೆ?
ಕೆಳಗೆ ನೋಡಿದರೆ ಸೊನ್ನೆ ಬೇಕು, ಮೇಲೆ ನೋಡಿದರೆ ಹತ್ತು ಬೇಕು,
ಎರಡೂ ಈ ಊರಿನವಲ್ಲ.
ಆರಕ್ಕೇರದೆ ಮೂರಕ್ಕಿಳಿಯದೆ
ಗೆರೆಯಾಚೆ ನಿಂತಿರುತ್ತದೆ.

ವೀತ್ಸ್ಕೆ ಐದನೆಯವಳು.
ಜಲ್ಲಿ ಸಾಗಿಸುವ ದೋಣಿಯಲ್ಲೇ ಹುಟ್ಟಿ ಬೆಳೆದ ಒಂಬತ್ತು ಮಕ್ಕಳಲ್ಲಿ
ಚುಕ್ಕಾಣಿಗೆ ಕೈಯೆಟುಕುವಷ್ಟು ಉದ್ದವಲ್ಲ,
ಅಪ್ಪನ ಹೆಗಲೇರುವಷ್ಟು ಹಗುರವೂ ಅಲ್ಲ.
ಇದನ್ನವಳು ಹೇಳಲಿಲ್ಲ. ಅವಳಣ್ಣ ಊಬೆಲೆ,
ಮನೆಗೆ ಒಂದನೆಯವನು,
ಬಾಲ ಹಿಡಿದು ಹೆರಿಂಗ್ ಮೀನು ಬಾಯಿಗಿಳಿಸುತ್ತ
ನಗುನಗುತ್ತ ಹೇಳಿದ.

ಹೋದ ವಾರ ಒಂದು ತಪ್ಪು ಹಿಡಿದೆ.
ಕೆಳಗಿನೆರಡು ಸಾಲು, ನಾಲ್ಕು ಮನೆ:
ಮೂರು ನಾಲ್ಕು, ನಾಲ್ಕು ಮೂರು.
ಅದಲುಬದಲು ಮಾಡಿದರೂ ಯಾವ ಕಟ್ಟಳೆಗೂ ನೋವಿಲ್ಲ.
"ಇದಕ್ಕೆ ಎರಡು ಉತ್ತರ ಬರುತ್ತೆ," ಅಂದೆ.
ಎರಡು ಉತ್ತರ ಎಂದರೆ
ಈ ಆಟದಲ್ಲಿ ಉತ್ತರವೇ ಇಲ್ಲ ಎಂದು.

ಅಷ್ಟರಲ್ಲಿ ಮರಳಿನ ದೋಣಿಯೊಂದು ಸಿಳ್ಳು ಹಾಕಿತು.
ಎದ್ದಳು, ಗೇಟು ಇಳಿಸಿದಳು, ಸೇತುವೆ ಎತ್ತಿದಳು.
ಸೈಕಲ್ಲಿನವರು ಒಂದು ಕಾಲೂರಿ, ಮೂಗೊರೆಸುತ್ತ ಕಾದರು.
ಎಲ್ಲ ಇಳಿದ ಮೇಲೆ ಬಂದು ಕೂತು ಅಂದಳು:
"ಯೌಕೆ ಮೂರನೆಯವನು, ತ್ಯೆರ್ಡ್ ನಾಲ್ಕನೆಯವನು, ಅವಳಿ.
ಅಮ್ಮನಿಗೂ ಹೀಗೇ ಆಗುತ್ತಿತ್ತು.
ಒಬ್ಬನಿಗೇ ಎರಡು ಸಲ ಹಾಲು, ಇನ್ನೊಬ್ಬ ಅತ್ತೂ ಅತ್ತೂ ಕೆಂಪು.
ಕೊನೆಗೆ ತ್ಯೆರ್ಡನ ಕಾಲಿಗೆ ಉಲ್ಲನ್ ಎಳೆ ಕಟ್ಟಿದಳು."
ನಾಲ್ಕರಲ್ಲೊಂದು ಮನೆಗೆ ಕೆಂಪು ತೀಡಿ
ಅಡಿಯಲ್ಲಿ ಹೊಸ ಕಟ್ಟಳೆ ಬರೆದಳು:
ಕೆಂಪು ಮನೆಯಲ್ಲಿ ಸಮಸಂಖ್ಯೆ.
ಅಣ್ಣಂದಿರಿಬ್ಬರೂ ತೆಪ್ಪಗೆ ತಮ್ಮ ತಮ್ಮ ಜಾಗದಲ್ಲಿ ಕೂತರು.

ಇವತ್ತಿನದು ಹೊಸ ಹಾಳೆ. ಕೊಟ್ಟ ಅಂಕಿ ಒಂದೂ ಇಲ್ಲ,
ಬರೀ ಹಸಿರು.
ಸಂಜೆಯ ಬಸ್ಸಿನಲ್ಲಿ, ಗ್ರೀಸಿನ ಬೆರಳಿನಲ್ಲೇ ತೆರೆದು ನೋಡಿದೆ.
ಎಲ್ಲಿಂದ ಶುರು ಹಚ್ಚುವುದು?
ಗೆರೆ ಹರಿದಲ್ಲೆಲ್ಲ ಅವಳಿಲ್ಲ;
ನಡುವಿನ ಚೌಕದಲ್ಲಿ ಗೆರೆ ಮುಟ್ಟದೆ ಉಳಿದ ಮನೆ
ಒಂದೇ ಒಂದು.

ಪೆನ್ಸಿಲ್ ಒತ್ತಿ ಬರೆದೆ, ಅಳಿಸಬೇಕಿಲ್ಲದ ಮೊದಲ ಅಂಕಿ.
ಮಿಕ್ಕವರೆಲ್ಲ ಅವಳನ್ನು ಕೇಳಿ ಕೇಳಿಯೇ ಜಾಗ ಹಿಡಿದರು.
ಊಬೆಲೆ ಮಾತ್ರ
ಕೊನೇ ನಿಲ್ದಾಣದವರೆಗೂ ಸಿಗಲಿಲ್ಲ.